ಮೂರು ವಾರದ ಪಹಣಿ



ಬಾನುಲಿಗೆ ಒಂದು ಕೊರತೆ ಇದೆ. ಹುಲಿಯ ಗರ್ಜನೆಯನ್ನು ಅದು ನಿಮ್ಮ ಅಡುಗೆಮನೆಯವರೆಗೂ ತಲುಪಿಸುತ್ತದೆ, ಹುಲಿಯ ವಾಸನೆಯನ್ನು ತಲುಪಿಸಲಾರದು. ನಾನು ಇವತ್ತು ಹೇಳಹೊರಟಿರುವುದು ವಾಸನೆಯಿಂದಲೇ ಶುರುವಾಗುವ ಸಂಗತಿ. ಹಾಗಾಗಿ ಸ್ವಲ್ಪ ಹೊತ್ತು ನನ್ನ ಮೂಗನ್ನೇ ನೀವು ನಂಬಬೇಕು.

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬಂಡೀಪುರದ ಕಾಡಿನಲ್ಲಿ ಅನುಮತಿ ಪಡೆದು ಅರಣ್ಯ ಇಲಾಖೆಯ ವಾಚರ್ ಒಬ್ಬರ ಹಿಂದೆ, ಕಾಳ್ಗಿಚ್ಚು ಹಬ್ಬದಂತೆ ತೆರವು ಮಾಡಿದ ಬೆಂಕಿಗೆರೆಯ ಮೇಲೆ ನಡೆಯುತ್ತಿದ್ದೆ. ಎಲೆ ಉದುರಿದ ದಿಂಡಿಗ, ಒಣಗಿದ ಹುಲ್ಲು, ಎರಡೂ ಕಡೆ ಲಂಟಾನದ ಗೋಡೆ. ಎರಡು ದಾರಿ ಕೂಡುವ ಕಡೆ ಓರೆಯಾಗಿ ಬಾಗಿದ ಒಂದು ಮತ್ತಿ ಮರವಿತ್ತು. ಅವರು ಅಲ್ಲಿ ನಿಂತರು. "ಇಲ್ಲಿ ಮೂಸ್ ನೋಡಿ ಸಾ" ಅಂದರು. ನನ್ನ ಎದೆಯೆತ್ತರದಲ್ಲಿ, ಮರದ ಒಳಮೈಯಲ್ಲಿ, ತೊಗಟೆ ಅಂಗೈಯಗಲ ಕಪ್ಪಾಗಿತ್ತು. ಗಬ್ಬು ಹೊಡೆಯುತ್ತದೆಂದು ಉಸಿರು ಬಿಗಿಹಿಡಿದೇ ಮೂಗು ಹತ್ತಿರ ಒಯ್ದೆ. ಬಂದದ್ದು ಅನ್ನದ ಘಮ. ಯಾರೋ ಆ ಲಂಟಾನದ ಮರೆಯಲ್ಲಿ ಗಂಧಸಾಲೆ ಅಕ್ಕಿಯ ಗಂಜಿ ಬಸಿಯುತ್ತಿದ್ದಾರೇನೋ ಅನ್ನುವಂಥ ಘಮ.

"ಗಂಡು. ರಾತ್ರಿ ಹೋಗವ್ನೆ" ಅಂದರು ಅವರು. ಹೋಗಿದೆ ಅನ್ನಲಿಲ್ಲ, ಹೋಗವ್ನೆ ಅಂದರು. ಆ ಕಡೆಯವರ ಬಾಯಲ್ಲಿ ಹುಲಿ ನಪುಂಸಕಲಿಂಗವಾಗುವುದು ಕಡಿಮೆ. ಮಾದಪ್ಪನನ್ನು ಹೊತ್ತು ತಿರುಗಿದ ಪ್ರಾಣಿ ಅದು, ಅದಕ್ಕೊಂದು ಮರ್ಯಾದೆ ಇರಬೇಕಲ್ಲ.

ಆ ಅನ್ನದ ಘಮ ನನ್ನ ಮೂಗಿನ ಚೇಷ್ಟೆಯೇನೂ ಆಗಿರಲಿಲ್ಲ. ಬಂಗಾಳದ ವಿಜ್ಞಾನಿ ಆರ್. ಎಲ್. ಬ್ರಹ್ಮಚಾರಿಯವರು ವರ್ಷಗಟ್ಟಲೆ ಇದರ ಹಿಂದೆ ಬಿದ್ದವರು. ಬಾಸುಮತಿ ಅಕ್ಕಿಗೆ ಘಮ ಕೊಡುವ ರಾಸಾಯನಿಕ ಒಂದಿದೆ, 2-ಅಸಿಟೈಲ್-1-ಪೈರೊಲೀನ್ ಎಂದು ಅದರ ಹೆಸರು. ಹುಲಿ ಮರಕ್ಕೆ ಸಿಡಿಸುವ ದ್ರವದಲ್ಲೂ ಅದೇ ಇದೆಯೆಂದು ಅವರು ತೋರಿಸಿಕೊಟ್ಟರು. ಹುಲಿ ಬಾಲ ಎತ್ತಿ, ಮರಕ್ಕೆ ಬೆನ್ನು ಮಾಡಿ, ಹಿಂದಕ್ಕೆ ಮೇಲ್ಮುಖವಾಗಿ ಇದನ್ನು ಸಿಡಿಸುತ್ತದೆ. ಅದರಲ್ಲಿ ಜಿಡ್ಡಿರುವುದರಿಂದ ಬಿಸಿಲಿಗೆ ಬೇಗ ಆರುವುದಿಲ್ಲ. ಬಾಗಿದ ಮರದ ಒಳಮೈಯಾದರೆ ಮಳೆಗೂ ತೊಳೆದುಹೋಗುವುದಿಲ್ಲ. ಇಷ್ಟೆಲ್ಲ ಜತನ ಮಾಡಿದರೂ ಆ ವಾಸನೆ ಇನ್ನೊಂದು ಹುಲಿಗೆ ಅರ್ಥವಾಗುವಷ್ಟು ಉಳಿಯುವುದು ಎರಡು ಮೂರು ವಾರ ಮಾತ್ರ.

ನಮ್ಮಲ್ಲಿ ಜಮೀನಿಗೆ ಪಹಣಿ ಇದೆಯಲ್ಲ, ಇದು ಹುಲಿಯ ಪಹಣಿ. ಯಾರ ಹೆಸರಿನಲ್ಲಿದೆ, ಗಂಡೋ ಹೆಣ್ಣೋ, ಯಾವತ್ತು ಬಂದುಹೋದದ್ದು, ಎಲ್ಲವೂ ಅದರಲ್ಲಿ ನಮೂದಾಗಿರುತ್ತದೆ. ಆದರೆ ಮೂರು ವಾರಕ್ಕೊಮ್ಮೆ ಖುದ್ದಾಗಿ ಬಂದು ನವೀಕರಿಸದಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ತಹಸೀಲ್ದಾರರಿಗೆ ಅರ್ಜಿ ಹಾಕುವ ಸೌಕರ್ಯವಿಲ್ಲ. ಗಂಡು ಹುಲಿಯ ಬದುಕಿನ ಮುಕ್ಕಾಲು ಪಾಲು ಈ ನವೀಕರಣದಲ್ಲೇ ಕಳೆದುಹೋಗುತ್ತದೆ. ಕಾಡಿನ ರಾಜ, ಮೃಗರಾಜ ಅಂತ ನಾವು ಕರೆಯುತ್ತೇವೆ. ನನಗಂತೂ ಅವನ ದಿನಚರಿ ನೋಡಿದಾಗ ನೆನಪಾಗುವುದು ರಾತ್ರಿ ಪಾಳಿಯ ಕಾವಲುಗಾರ.

ಮೊದಲು ಅವನು ಆ ಕೆಲಸಕ್ಕೆ ಸೇರುವುದು ಹೇಗೆ ಅನ್ನುವುದನ್ನು ನೋಡೋಣ.

ಹೆಣ್ಣು ಹುಲಿ ಮೂರೂವರೆ ತಿಂಗಳು ಹೊತ್ತು ಎರಡೋ ಮೂರೋ ಮರಿ ಹಾಕುತ್ತದೆ, ಕೆಲವೊಮ್ಮೆ ನಾಲ್ಕು. ಅವುಗಳಲ್ಲಿ ಗಂಡುಮರಿ ಬೇಗ ದಪ್ಪಗಾಗುತ್ತದೆ, ತಾಯಿ ಹೊಡೆದ ಬೇಟೆಗೆ ಮೊದಲು ಬಾಯಿ ಹಾಕುತ್ತದೆ, ತಂಗಿಯನ್ನು ಗದರಿಸುತ್ತದೆ. ಒಂದೂವರೆ ಎರಡು ವರ್ಷಕ್ಕೆ ಈ ಮನೆಮಗನ ದರ್ಬಾರು ಮುಗಿಯಿತು. ತಾಯಿಗೆ ಮುಂದಿನ ಸೂಲಿನ ಯೋಚನೆ. ಮಗಳಿಗೆ ಬೇಕಾದರೆ ತಾಯಿ ತನ್ನ ನೆಲದ ಒಂದು ಅಂಚನ್ನು ಬಿಟ್ಟುಕೊಡುವುದುಂಟು. ಮಗನಿಗೆ ಗೇಣು ಜಾಗವೂ ಇಲ್ಲ. ಹೆತ್ತಪ್ಪನ ಗಡಿಯೊಳಗೆ ಅವನು ಈಗ ಮಗನಲ್ಲ, ಪ್ರತಿಸ್ಪರ್ಧಿ. ಮನೆ ಬಿಟ್ಟು ಹೊರಡಬೇಕು.

ಹಾಗೆ ಹೊರಟವನು ಎಲ್ಲೆಲ್ಲಿಗೆ ಹೋಗಬಹುದು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದಾಖಲೆ ಇದೆ. ಬಂಡೀಪುರದಲ್ಲಿ ಕ್ಯಾಮೆರಾ ಬಲೆಗೆ ಸಿಕ್ಕಿದ ಒಂದು ಎಳೆಯ ಗಂಡು ಹುಲಿಗೆ ಸಂಶೋಧಕರು ಬಿಪಿಟಿ-241 ಎಂದು ಸಂಖ್ಯೆ ಕೊಟ್ಟಿದ್ದರು. ಸುಮಾರು 15 ತಿಂಗಳು ಕಳೆದ ಮೇಲೆ, 2011ರಲ್ಲಿ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಹಳ್ಳಿಯೊಂದರ ಬಳಿ ಹುಲಿಯೊಂದು ಸೆರೆಯಾಯಿತು. ಅದರ ಪಟ್ಟೆಗಳನ್ನು ಹಳೆಯ ಫೋಟೊಗಳ ಜೊತೆ ಹೋಲಿಸಿ ನೋಡಿದರೆ ಅದೇ 241! ನಮ್ಮ ಹೆಬ್ಬೆರಳ ಗುರುತಿನಂತೆ ಹುಲಿಯ ಪಟ್ಟೆ. ಒಂದರದು ಇನ್ನೊಂದರಂತೆ ಇರುವುದಿಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಕಟ್ಟಿ ಹುಲಿ ಎಣಿಸಲು ಶುರುಮಾಡಿದ್ದು ಇದೇ ನಂಬಿಕೆಯ ಮೇಲೆ. ಬಂಡೀಪುರದಿಂದ ಶಿಕಾರಿಪುರಕ್ಕೆ ನೇರ ಗೆರೆ ಎಳೆದರೂ 280 ಕಿಲೋಮೀಟರ್ ಆಗುತ್ತದೆ. ನಡುವೆ ಕಾಫಿ ತೋಟಗಳಿವೆ, ಹೆದ್ದಾರಿಗಳಿವೆ, ಹೊಳೆಗಳಿವೆ, ಕಬ್ಬು ಭತ್ತದ ಗದ್ದೆಗಳಿವೆ, ಊರೂರಿಗೂ ನಾಯಿಗಳಿವೆ. ಆ ಹದಿನೈದು ತಿಂಗಳಲ್ಲಿ ಎಷ್ಟು ಜನರ ಹಿತ್ತಿಲ ಹಿಂದೆ ಅದು ಸದ್ದಿಲ್ಲದೆ ದಾಟಿಹೋಯಿತೋ!

ಇನ್ನು ಕೆಲವರು ಅಷ್ಟು ದೂರ ಹೋಗುವುದಿಲ್ಲ. ದೊಡ್ಡ ಗಂಡುಗಳ ಗಡಿಗಳ ಸಂದಿಯಲ್ಲಿ, ಯಾರಿಗೂ ಬೇಡವಾದ ಕುರುಚಲಿನಲ್ಲಿ, ಕದ್ದುಮುಚ್ಚಿ ಒಂದೆರಡು ವರ್ಷ ತಳ್ಳುತ್ತಾರೆ. ಗರ್ಜಿಸುವ ಹಾಗಿಲ್ಲ, ಮರಕ್ಕೆ ಗುರುತು ಹಾಕುವ ಹಾಗಿಲ್ಲ. ಬರೀ ಮೂಸುವುದು. ಒಂದು ದಿನ ಯಾವುದೋ ಮರದ ಪಹಣಿ ಹಳಸಿದ ವಾಸನೆ ಹೊಡೆಯುತ್ತದೆ. ಮೂರು ವಾರ, ನಾಲ್ಕು ವಾರ, ಯಾರೂ ಬಂದಿಲ್ಲ. ಆಗ ಇವನು ಬಾಲ ಎತ್ತುತ್ತಾನೆ.

ಎಷ್ಟೋ ಸಲ ಸಿಂಹಾಸನ ಕೈಬದಲಾಗುವುದು ಹೀಗೆ, ಯಾವ ಗದ್ದಲವೂ ಇಲ್ಲದೆ. ನಾವು ದೂರದರ್ಶನದಲ್ಲಿ ನೋಡುವ ಘೋರ ಕಾಳಗಗಳು ನಡೆಯುವುದಿಲ್ಲವೆಂದಲ್ಲ. ಹಳಬ ಇನ್ನೂ ಗಟ್ಟಿಯಾಗಿದ್ದು ಹೊಸಬ ಹಟ ಹಿಡಿದರೆ ನಡೆಯುತ್ತವೆ, ಒಬ್ಬೊಬ್ಬರು ಸಾಯುವುದೂ ಉಂಟು. ಆದರೆ ಇನ್ನೂರು ಕಿಲೋ ತೂಗುವ ಎರಡು ಪ್ರಾಣಿಗಳು, ಎರಡರ ಬಾಯಲ್ಲೂ ಬೆರಳುದ್ದದ ಕೋರೆ. ಗೆದ್ದವನ ಕಾಲು ಮುರಿದರೂ ಅವನು ಸೋತ ಹಾಗೆಯೇ, ಯಾಕೆಂದರೆ ಅವನಿಗೆ ತಂದು ಉಣಿಸುವವರಿಲ್ಲ. ಸಿಂಹಕ್ಕಾದರೆ ಬಳಗವಿದೆ. ಹುಲಿ ಒಂಟಿ. ಆದ್ದರಿಂದಲೇ ಈ ವಾಸನೆ, ಈ ನೆಲ ಕೆರೆಯುವುದು, ಮರದ ಮೇಲೆ ಉಗುರು ಎಳೆಯುವುದು, ರಾತ್ರಿ ಎರಡು ಮೂರು ಕಿಲೋಮೀಟರ್ ಕೇಳಿಸುವಂತೆ ಗರ್ಜಿಸುವುದು. ಇವೆಲ್ಲ ಹೊಡೆದಾಟ ತಪ್ಪಿಸುವ ಏರ್ಪಾಡುಗಳು.

ಸರಿ, ನೆಲ ಸಿಕ್ಕಿತು. ಎಷ್ಟು ನೆಲ? ಅದು ಕಾಡಿನ ಮೇಲೆ ಹೋಗುತ್ತದೆ. ರಷ್ಯಾದ ದೂರಪೂರ್ವದ ಹಿಮಗಾಡಿನಲ್ಲಿ ಒಂದು ಗಂಡಿನ ಸೀಮೆ ಸಾವಿರ ಚದರ ಕಿಲೋಮೀಟರ್ ದಾಟುತ್ತದೆ. ಅಲ್ಲಿ ಬೇಟೆ ಅಷ್ಟು ವಿರಳ. ನಮ್ಮ ನಾಗರಹೊಳೆ ಬಂಡೀಪುರಗಳಲ್ಲಿ ಜಿಂಕೆ, ಕಡವೆ, ಕಾಟಿ ಹೇರಳ. ಹೆಣ್ಣಿಗೆ ಹದಿನೈದು ಇಪ್ಪತ್ತು ಚದರ ಕಿಲೋಮೀಟರ್ ಸಾಕು. ಗಂಡಿನದು ಅದರ ಎರಡು ಮೂರು ಪಟ್ಟು, ಯಾಕೆಂದರೆ ಅವನು ನೆಲ ಅಳೆಯುವುದು ಬೇಟೆಯಿಂದಲ್ಲ, ಹೆಣ್ಣುಗಳಿಂದ. ಎರಡು ಮೂರು ಹೆಣ್ಣುಗಳ ನೆಲವನ್ನು ಸುತ್ತುವರಿದು ಇವನ ಗಡಿ. ನೇಪಾಳದ ಚಿತ್ವನದಲ್ಲಿ ಒಬ್ಬ ಏಳು ಹೆಣ್ಣುಗಳ ಸೀಮೆಯನ್ನು ಕಾಯುತ್ತಿದ್ದನಂತೆ. ಅವನ ಕಾಲಿನ ಗತಿ ಏನಾಗಿರಬೇಡ! ಗಡಿ ದೊಡ್ಡದಾದಷ್ಟೂ ಮೂರು ವಾರದೊಳಗೆ ಎಲ್ಲ ಮರಗಳಿಗೂ ತಲುಪುವುದು ಕಷ್ಟ. ಒಂದೊಂದು ರಾತ್ರಿ ಹತ್ತು ಹದಿನೈದು ಕಿಲೋಮೀಟರ್ ನಡಿಗೆ. ಅವನು ಕಾಡು ಬಿಟ್ಟು ಇಲಾಖೆಯ ಜೀಪುದಾರಿಯಲ್ಲೇ, ಬೆಂಕಿಗೆರೆಯಲ್ಲೇ ನಡೆಯುವುದು ಯಾಕೆಂದರೆ ಅಲ್ಲಿ ಮುಳ್ಳಿಲ್ಲ, ಅಂಗಾಲು ಮೆತ್ತಗಿರುತ್ತದೆ. ನಮ್ಮ ತೆರಿಗೆ ಹಣದ ರಸ್ತೆಯನ್ನು ಇಷ್ಟು ಚೆನ್ನಾಗಿ ಬಳಸಿಕೊಳ್ಳುವವರು ಬೇರೆ ಇಲ್ಲ. ಆ ಮಾರ್ಚ್ ಬೆಳಿಗ್ಗೆ ಧೂಳಿನಲ್ಲಿ ಮತ್ತಿ ಮರದವನ ಹೆಜ್ಜೆಗಳೂ ಇದ್ದವು. ಹೆಣ್ಣಿನ ಹೆಜ್ಜೆ ಸ್ವಲ್ಪ ಉದ್ದ, ಬೆರಳುಗಳು ಸಪೂರ. ಗಂಡಿನದು ಚೌಕ, ಬೆರಳು ಗುಂಡಗೆ, ಮಸಾಲೆ ಅರೆಯುವ ಗುಂಡುಕಲ್ಲನ್ನು ಒತ್ತಿ ತೆಗೆದ ಹಾಗೆ.

ಊಟದ ವಿಚಾರ. ಗೋವಿನ ಹಾಡಿನ ಅರ್ಬುತ ನಿಮಗೆ ನೆನಪಿರಬೇಕು. ಪುಣ್ಯಕೋಟಿಗೆ ಅಡ್ಡ ನಿಂತಾಗ ಅವನು ಏಳು ದಿನದಿಂದ ಆಹಾರವಿಲ್ಲದೆ ಬಳಲಿದ್ದ. ಚಿಕ್ಕಂದಿನಲ್ಲಿ ಇದು ನನಗೆ ಅತಿಶಯೋಕ್ತಿಯಾಗಿ ಕಂಡಿತ್ತು. ಹುಲಿ ಅಧ್ಯಯನ ಮಾಡಿದವರ ಲೆಕ್ಕ ಓದಿದ ಮೇಲೆ ಬೆರಗಾಯಿತು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಅಂದರೆ ವಾರಕ್ಕೊಂದು! ಆ ಹಾಡು ಕಟ್ಟಿದವರಿಗೆ ಕಾಡು ಗೊತ್ತಿತ್ತು. ಒಂದು ಕಡವೆ ಬಿದ್ದರೆ ಮೊದಲ ರಾತ್ರಿಯೇ ಇಪ್ಪತ್ತು ಇಪ್ಪತ್ತೈದು ಕಿಲೋ ಮಾಂಸ ಹೊಟ್ಟೆಗಿಳಿಯುತ್ತದೆ. ಮಿಕ್ಕದ್ದಕ್ಕೆ ತರಗೆಲೆ ಎಳೆದು ಮುಚ್ಚಿ, ಹತ್ತಿರವೇ ನೀರಿರುವ ಕಡೆ ಮಲಗಿ, ಮೂರು ನಾಲ್ಕು ದಿನ ತಿನ್ನುತ್ತದೆ. ಆಮೇಲೆ ಮತ್ತೆ ಉಪವಾಸ, ಮತ್ತೆ ಹೊಂಚು. ಹತ್ತು ಸಲ ಹೊಂಚಿದರೆ ಒಂದು ಸಲ ಸಿಕ್ಕಿದರೆ ಪುಣ್ಯ. ಮುಸುವ ಕೂಗಿತು, ಜಿಂಕೆ ಕಿರುಚಿತು ಅಂದರೆ ಆ ಸರದಿ ಹೋದ ಹಾಗೆ. ದೊಡ್ಡ ಗಂಡಿಗೆ ಇನ್ನೊಂದು ಅನುಕೂಲವಿದೆ. ಹೆಣ್ಣು ಹೊಡೆದ ಬೇಟೆಗೆ ಕರೆಯದೆಯೂ ಹೋಗಿ ಕೂರಬಹುದು. ಹಾಗಂತ ಸೋಮಾರಿಯೆಂದು ತಿಳಿಯಬೇಡಿ. ಟನ್ನಿನ ಹತ್ತಿರ ತೂಗುವ ಕಾಟಿಯ ಮೇಲೆ ಬೀಳುವ ಧೈರ್ಯ ಮಾಡುವುದೂ ಹೆಚ್ಚಾಗಿ ಇವನೇ.

ಈಗ ಸ್ವಲ್ಪ ಕಹಿಯಾದ ಭಾಗ. ಹೊಸ ಗಂಡು ನೆಲ ಹಿಡಿದ ಮೇಲೆ, ಹಳಬನಿಗೆ ಹುಟ್ಟಿದ ಎಳೆಯ ಮರಿಗಳು ಸಿಕ್ಕರೆ ಕೊಲ್ಲುತ್ತಾನೆ. ಇದನ್ನು ಹೇಳಿದಾಗಲೆಲ್ಲ ಕೇಳುವವರ ಮುಖ ಕಿವುಚುತ್ತದೆ. ನನಗೂ ಹಿತವಾಗಿ ಕಾಣುವುದಿಲ್ಲ. ಆದರೆ ಅವನ ಲೆಕ್ಕವನ್ನೂ ನೋಡಬೇಕು. ಮರಿಗಳಿರುವ ತಾಯಿ ಒಂದೂವರೆ ಎರಡು ವರ್ಷ ಮತ್ತೆ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತದೆ. ಇವನ ಕೈಯಲ್ಲಿ ಅಷ್ಟು ಕಾಲವಿದೆಯೇ? ಚಿತ್ವನದಲ್ಲಿ ಹುಲಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಸ್ಮಿತ್ ಮತ್ತು ಮೆಕ್‌ಡೂಗಲ್ ಎಂಬ ಸಂಶೋಧಕರು ಲೆಕ್ಕ ಹಾಕಿದಾಗ, ಹೆಣ್ಣಿಗೆ ಮರಿ ಹಾಕುವ ಕಾಲ ಸರಾಸರಿ ಆರು ವರ್ಷ ಸಿಕ್ಕಿತು, ಗಂಡಿಗೆ ನೆಲದ ಒಡೆತನ ಸಿಕ್ಕಿದ್ದು ಮೂರು ವರ್ಷಕ್ಕೂ ಕಡಿಮೆ, 2.8. ಒಬ್ಬನಂತೂ ಏಳೇ ತಿಂಗಳಿಗೆ ನೆಲ ಕಳೆದುಕೊಂಡಿದ್ದ. ಒಂದು ಸೂಲಿನ ಮರಿಗಳು ಸ್ವಂತ ಕಾಲ ಮೇಲೆ ನಿಲ್ಲಲು ಬಸುರಿನ ಕಾಲವೂ ಸೇರಿ ಎರಡು ವರ್ಷ ಬೇಕು. ಮೂರು ವರ್ಷದ ಅಧಿಕಾರದಲ್ಲಿ ಎರಡು ವರ್ಷದ ಕೆಲಸ. ಇನ್ನೊಬ್ಬನ ಮಕ್ಕಳಿಗಾಗಿ ಕಾದು ಕೂರುವಷ್ಟು ಪುರುಸೊತ್ತು ಅವನಿಗಿಲ್ಲ. ಮೂರು ವಾರಕ್ಕೊಮ್ಮೆ ಆ ಓರೆ ಮತ್ತಿ ಮರಕ್ಕೆ ಬಂದು ಬಾಲ ಎತ್ತುವುದರ ಹಿಂದೆ ಇರುವುದು ಈ ಲೆಕ್ಕವೇ. ಅವನ ಗುರುತು ತಾಜಾ ಇರುವಷ್ಟು ದಿನ ಅವನ ಮರಿಗಳು ಬದುಕುತ್ತವೆ.

ಹೀಗೆ ಹೇಳಿ ಮುಗಿಸುವ ಹೊತ್ತಿಗೆ ಹುಲಿ ನಮ್ಮ ಮಾತನ್ನು ಸುಳ್ಳು ಮಾಡುವುದೂ ಉಂಟು. ರಾಜಸ್ಥಾನದ ರಣಥಂಬೋರಿನಲ್ಲಿ 2011ರ ಫೆಬ್ರವರಿಯಲ್ಲಿ ಒಂದು ಹೆಣ್ಣು ಹುಲಿ ಎರಡು ಎಳೆಯ ಹೆಣ್ಣುಮರಿಗಳನ್ನು ಬಿಟ್ಟು ಸತ್ತಿತು. ಮರಿಗಳ ಕಥೆ ಮುಗಿಯಿತೆಂದೇ ಎಲ್ಲರೂ ಎಣಿಸಿದ್ದರು. ಕೆಲವು ತಿಂಗಳಲ್ಲಿ ಕ್ಯಾಮೆರಾದಲ್ಲಿ ಕಂಡದ್ದೇನು? ಮರಿಯ ಹಿಂದೆ ಗಂಡು ಹುಲಿ, ಟಿ-25, ನಿಧಾನಕ್ಕೆ ಕಾವಲಿನಂತೆ ನಡೆದುಬರುತ್ತಿದೆ. ಆ ಹುಲಿಗೆ ಜನ ಇಟ್ಟಿದ್ದ ಹೆಸರು ಜಾಲಿಮ್, ಅಂದರೆ ಕ್ರೂರಿ. ಕ್ರೂರಿ ತನ್ನ ಬೇಟೆಯಲ್ಲಿ ಪಾಲು ಕೊಟ್ಟು ಆ ತಬ್ಬಲಿಗಳನ್ನು ಬೆಳೆಸಿತು. 2013ರಲ್ಲಿ ಎರಡನ್ನೂ ಸರಿಸ್ಕಾ ಕಾಡಿಗೆ ಒಯ್ದು ಬಿಟ್ಟರು.

ಹೆಸರಿನ ಮಾತು ಬಂದದ್ದರಿಂದ ನಮ್ಮ ಬಂಡೀಪುರದ ಪ್ರಿನ್ಸನ ವಿಷಯ ಹೇಳಲೇಬೇಕು. ಇಲಾಖೆಗೆ ಹುಲಿಯೆಂದರೆ ಒಂದು ಸಂಖ್ಯೆ. ಹೆಸರಿಡುವುದು ಸಫಾರಿಗೆ ಬರುವವರು ಮತ್ತು ಛಾಯಾಗ್ರಾಹಕರು. ಪ್ರಿನ್ಸ್ ಸಫಾರಿ ವಲಯದ ಗಂಡು. ಚಿತ್ವನದ ಸರಾಸರಿಯನ್ನೆಲ್ಲ ಮೀರಿ ವರ್ಷಗಟ್ಟಲೆ ಅಲ್ಲಿ ನೆಲ ಹಿಡಿದು ನಿಂತವನು. ವ್ಯಾನುಗಳನ್ನು ಅವನು ಕಾಟಿ ಹಿಂಡಿನಷ್ಟೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಬೆಂಗಳೂರಿನ ಎಷ್ಟೋ ಬೈಠಕ್‌ಖಾನೆಗಳ ಗೋಡೆಯಲ್ಲಿ ಇವತ್ತಿಗೂ ಅವನ ಫೋಟೊ ತೂಗುತ್ತಿದೆ. ಅಷ್ಟು ಜನರಿಗೆ ಗೊತ್ತಿದ್ದ ಹುಲಿ ಸತ್ತದ್ದನ್ನು ಮಾತ್ರ ಯಾರೂ ಕಾಣಲಿಲ್ಲ. 2017ರ ಏಪ್ರಿಲ್‌ನಲ್ಲಿ ಕುಂದಕೆರೆ ವಲಯದಲ್ಲಿ ಹೆಣ ಸಿಕ್ಕಿತು. ವಯಸ್ಸು ಹತ್ತು ದಾಟಿತ್ತು. ಸಾವು ಹೇಗಾಯಿತೆಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕಾಡಿನ ಗಂಡಿಗೆ ಹತ್ತು ಹನ್ನೆರಡು ವರ್ಷ ಅಂದರೆ ಮುಪ್ಪೇ.

ಸಾಮಾನ್ಯವಾಗಿ ಅಂತ್ಯ ಸಣ್ಣದೊಂದು ಸಂಗತಿಯಿಂದ ಶುರುವಾಗುತ್ತದೆ. ಕಾಟಿಯ ಎಲುಬಿಗೆ ತಾಗಿ ಕೋರೆಹಲ್ಲು ಮುರಿಯುತ್ತದೆ. ಮುಳ್ಳುಹಂದಿಯ ಮುಳ್ಳು ಮುಂಗಾಲಿಗೆ ಇಳಿದು ಕೀವಾಗುತ್ತದೆ. ಆ ವಾರದ ಗಸ್ತು ತಪ್ಪುತ್ತದೆ. ಗಡಿಯ ಮೂಲೆಯ ಒಂದು ಮರಕ್ಕೆ ಹೋಗಲಾಗುವುದಿಲ್ಲ. ಆ ಮರವನ್ನು ಯಾರೋ ಮೂಸುತ್ತಿರುತ್ತಾರೆ. ನಾಗರಹೊಳೆಯಲ್ಲಿ ಕಾರಂತರ ತಂಡ ಒಂಬತ್ತು ವರ್ಷ ಸತತವಾಗಿ ಲೆಕ್ಕ ಇಟ್ಟಾಗ ಕಂಡ ಸಂಗತಿ ಇದು: ಚೆನ್ನಾಗಿ ಕಾಪಾಡಿದ ಕಾಡಿನಲ್ಲೂ ಪ್ರತಿವರ್ಷ ನೂರಕ್ಕೆ ಸುಮಾರು 23 ಹುಲಿಗಳು ಇಲ್ಲವಾಗುತ್ತಿದ್ದವು. ಸತ್ತವೋ, ಊರು ಬಿಟ್ಟವೋ, ಅಂತೂ ಮುಂದಿನ ವರ್ಷದ ಫೋಟೊದಲ್ಲಿ ಇಲ್ಲ. ಹೊಸ ಹುಟ್ಟು ಆ ಜಾಗ ತುಂಬುತ್ತಿತ್ತು. ಒಂದು ಹುಲಿ ಸತ್ತ ಸುದ್ದಿ ಬಂದಾಗಲೆಲ್ಲ ಕಾಡೇ ಬರಿದಾಯಿತೆಂದು ಗೋಳಾಡುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ.

ನಿಜವಾದ ಇಕ್ಕಟ್ಟು ನೆಲ ಸಿಗದವರದು, ನೆಲ ಕಳೆದುಕೊಂಡವರದು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563. 2014ರಲ್ಲಿ 406 ಇದ್ದವು. ಹುಲಿ ಹೆಚ್ಚಿತು, ಕಾಡು ಹೆಚ್ಚಲಿಲ್ಲ. ಕಾಡಿನ ಅಂಚು ಮುಗಿದ ಕಡೆಯೇ ಬಾಳೆ ತೋಟ, ಅರಿಶಿನದ ಹೊಲ, ಕಟ್ಟಿಹಾಕಿದ ಹಸು. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಆಸುಪಾಸು ಒಂದು ಗಂಡು ಹುಲಿ ಇಬ್ಬರು ರೈತರನ್ನು ಕೊಂದಿತು. ಅಕ್ಟೋಬರಿನಲ್ಲಿ ಆನೆಗಳನ್ನು ತರಿಸಿ, ಹೆಜ್ಜೆ ಓದಬಲ್ಲ ಸೋಲಿಗರನ್ನು ಮುಂದಿಟ್ಟುಕೊಂಡು, ಅರಿವಳಿಕೆ ಚುಚ್ಚಿ ಹಿಡಿದು ಮೈಸೂರಿನ ಬಳಿಯ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು. ಹೊಲಕ್ಕೆ ಹೋದ ಗಂಡ ಮರಳಿ ಬಾರದ ಮನೆಯ ಮುಂದೆ ನಿಂತು ಹುಲಿಯ ವಂಶಾವಳಿ ಹೇಳುವ ಧೈರ್ಯ ನನಗಿಲ್ಲ. ಕಾಡಂಚಿನ ಜನ ಇಷ್ಟು ವರ್ಷ ತಾಳಿಕೊಂಡದ್ದರಿಂದಲೇ ಆ 563 ಸಾಧ್ಯವಾಯಿತು ಅನ್ನುವುದನ್ನು ಮಾತ್ರ ಪೇಟೆಯಲ್ಲಿ ಕೂತು ಹುಲಿಯ ಪರ ಮಾತಾಡುವ ನಾವು ಒಪ್ಪಿಕೊಳ್ಳಬೇಕು.

ಎರಡು ಬೇಸಿಗೆ ಕಳೆದ ಮೇಲೆ ಅದೇ ಬೆಂಕಿಗೆರೆಯಲ್ಲಿ ಮತ್ತೆ ನಡೆಯುವ ಅವಕಾಶ ಸಿಕ್ಕಿತು. ಅದೇ ವಾಚರ್, ತಲೆಗೂದಲು ಇನ್ನಷ್ಟು ಬೆಳ್ಳಗಾಗಿತ್ತು. ಓರೆ ಮತ್ತಿ ಮರ ಬಂದ ಕೂಡಲೇ ನಾನು ಅವರು ಹೇಳುವ ಮುಂಚೆಯೇ ಹೋಗಿ ಮೂಸಿದೆ. ಅದೇ ಅನ್ನದ ಘಮ. ಖುಷಿಯಿಂದ, "ಇದ್ದಾನಲ್ಲ ನಮ್ಮವನು!" ಅಂದೆ.

ಅವರು ಬಗ್ಗಿ ಧೂಳಿನ ಮೇಲಿನ ಹೆಜ್ಜೆಯ ಪಕ್ಕ ತಮ್ಮ ಗೇಣು ಇಟ್ಟು ನೋಡಿದರು. "ಇವ ಬೇರೆಯವ ಸಾ" ಅಂದರು. ಹಳಬನ ಪಟ್ಟೆ ಕೊನೆಯದಾಗಿ ಕ್ಯಾಮೆರಾಕ್ಕೆ ಬಿದ್ದದ್ದು ಹಿಂದಿನ ಮಳೆಗಾಲಕ್ಕೆ ಮುಂಚೆ, ಒಂದು ಕೆರೆ ಏರಿಯ ಮೇಲೆ, ಎಡಗಾಲು ಸ್ವಲ್ಪ ಎತ್ತಿಕೊಂಡು ನಡೆಯುತ್ತಿದ್ದ ಹಾಗಿತ್ತಂತೆ. ಆಮೇಲೆ ಎಲ್ಲೂ ಕಾಣಿಸಿಲ್ಲ. ಹೆಣವೂ ಸಿಕ್ಕಿಲ್ಲ. ಇಷ್ಟು ಹೇಳಿ ಅವರು ಫೋನು ತೆಗೆದು ಹೆಜ್ಜೆಯ ಫೋಟೊ ಹೊಡೆದುಕೊಂಡರು, ಮುಂದೆ ನಡೆದರು.

ಶಿಬಿರ ತಲುಪುವಾಗ ಬಿಸಿಲೇರಿತ್ತು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ರೇಷನ್ ಅಕ್ಕಿ. ಘಮ ಏನೂ ಇರಲಿಲ್ಲ.